ಒಂದು ಗುಡಿಸಿನ ಬೆಲೆ

ಬೆಳಗ್ಗೆ ಕಾಫಿ ಲೋಟ ಹಿಡಿದು ಫೋನಿನಲ್ಲಿ ಸುದ್ದಿ ತೆರೆದರೆ ದಿನಕ್ಕೊಂದಾದರೂ ‘ಪ್ರಶಸ್ತಿ ಪ್ರಧಾನ’ ಕಣ್ಣಿಗೆ ಬೀಳುತ್ತದೆ. ಪ್ರದಾನ ಅಂದರೆ ಕೊಡುವುದು, ಪ್ರಧಾನ ಅಂದರೆ ಮುಖ್ಯವಾದದ್ದು. ಒಂದು ಮಹಾಪ್ರಾಣ ಹೆಚ್ಚಾದ ತಪ್ಪಿಗೆ ಪ್ರಶಸ್ತಿಯೇ ಪ್ರಧಾನವಾಗಿ, ತಗೊಳ್ಳೋಕೆ ಬಂದ ಪುಣ್ಯಾತ್ಮ ಪಕ್ಕಕ್ಕೆ ಸರಿದುಬಿಡ್ತಾನೆ. (ಕೆಲವು ಸಮಾರಂಭಗಳನ್ನು ನೋಡಿದರೆ ಅದೇ ಸರಿಯಾದ ಪದ ಅನ್ನಿಸುವುದೂ ಉಂಟು, ಆ ಮಾತು ಬೇರೆ.)

ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಕೆಂಪು ಪೆನ್ನು ಕೈಯಿಂದ ಹೋದರೂ ಕಣ್ಣಿನಿಂದ ಹೋಗಿಲ್ಲ. ‘ಗ್ರಹ ಸಚಿವರ ಭೇಟಿ’ ಅಂತ ಓದಿದರೆ ಸಾಕು, ರಾಜ್ಯದ ಪೊಲೀಸ್ ಇಲಾಖೆ ಶನಿ, ರಾಹು, ಕೇತುಗಳ ವಶಕ್ಕೆ ಹೋದ ಹಾಗೆ ಕಾಣುತ್ತದೆ. ವಟ್ರಸುಳಿ ಇರಬೇಕಾದ ಕಡೆ ಕ್ರಾವಡಿ ಬಂದರೆ ಗೃಹ ಹೋಗಿ ಗ್ರಹವಾಗುತ್ತದೆ, ಅಷ್ಟೇ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯೂ ಎಷ್ಟೋ ಕಡೆ ‘ಗ್ರಹಲಕ್ಷ್ಮಿ’ ಆಗಿದೆ. ನೌಕರರಿಗೆ ‘ಮದ್ಯಂತರ ಪರಿಹಾರ’, ಶಾಲಾ ಮಕ್ಕಳಿಗೆ ‘ಮದ್ಯಾಹ್ನದ ಬಿಸಿಯೂಟ’. ಮಧ್ಯಕ್ಕೂ ಮದ್ಯಕ್ಕೂ ಇರುವ ಅಂತರ ಒಂದು ಸೀಳು ಮಾತ್ರ. ಆ ಸೀಳು ಬಿಟ್ಟುಹೋದರೆ ಮಕ್ಕಳ ತಟ್ಟೆಗೆ ಏನು ಬೀಳುತ್ತದೆ ಅಂತ ಬರೆದವರಿಗೆ ಒಂದು ಕ್ಷಣವೂ ಹೊಳೆಯುವುದಿಲ್ಲ.

ಇವನ್ನೆಲ್ಲ ನಕ್ಕು ಮರೆಯಬಹುದು. ಯಾರೂ ದಾರಿ ತಪ್ಪುವುದಿಲ್ಲ. ಗ್ರಹಲಕ್ಷ್ಮಿ ಅಂತ ಬರೆದರೂ ಹೆಂಗಸರಿಗೆ ಯಾವ ದುಡ್ಡು ಅಂತ ಗೊತ್ತು. ನಗೋಕಾಗದ ತಪ್ಪೊಂದು ಹೋದ ಮುಂಗಾರಿನಲ್ಲಿ ನಮ್ಮ ಬೀದಿಗೇ ಬಂತು. ಇವತ್ತು ಹೇಳಬೇಕು ಅಂತ ಹೊರಟಿದ್ದು ಅದನ್ನೇ.

ನಮ್ಮದು ದೊಡ್ಡೇರಿ, ಮಧುಗಿರಿ ತಾಲ್ಲೂಕಿನ ಒಂದು ಹೋಬಳಿ. ಈ ಕಡೆ, ಅಂದರೆ ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಮಳೆ ನಂಬಿದ ಹೊಲಗಳೇ ಹೆಚ್ಚು, ಅದರಲ್ಲಿ ಕಡ್ಲೆಕಾಯಿ ಹೆಚ್ಚು. ಹೂ ಬಿಡುವ ಹೊತ್ತಿಗೆ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಫಸಲ್ ಬಿಮಾ ಯೋಜನೆಯ ವಿಮೆ ಇಲ್ಲಿನವರಿಗೆ ಬರೀ ಕಾಗದದ ಮಾತಲ್ಲ. ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತ ಕಟ್ಟಬೇಕಾದ್ದು ವಿಮೆ ಮೊತ್ತದ ಶೇಕಡ 2ರಷ್ಟು, ಮಿಕ್ಕಿದ್ದು ಸರ್ಕಾರಗಳ ಪಾಲು. ಗಡುವಿನೊಳಗೆ ಕಟ್ಟಿದವನಿಗೆ ಉಂಟು, ಕಟ್ಟದವನಿಗೆ ಇಲ್ಲ.

ಗಡುವು ಮುಗಿಯೋಕೆ ನಾಲ್ಕು ದಿನ ಇತ್ತು. ನಮ್ಮ ಬೀದಿಯ ಕೊನೆ ಮನೆಯವರು, ಮೂರು ಎಕರೆ ಕಡ್ಲೆಕಾಯಿ ಹಾಕಿದ್ದವರು, ಸಂಜೆ ಫೋನ್ ಹಿಡಿದುಕೊಂಡು ಬಂದರು. “ಟೀಚರಮ್ಮ, ಈ ಸಲ ಇನ್ಸೂರೆನ್ಸು ಕಟ್ಟದೋರ್ಗೂ ದುಡ್ಡು ಆಕ್ತಾರಂತೆ. ನೋಡ್ರಿ, ಪೇಪರ್ನಾಗೇ ಐತೆ” ಅಂದರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್. ಸುದ್ದಿ ತಾಣವೊಂದರ ತಲೆಬರಹ: ‘ವಿಮೆ ಕಂತು ಕಟ್ಟದ ರೈತರಿಗೆ ಪರಿಹಾರ, ಶೀಘ್ರ ಖಾತೆಗೆ ಜಮೆ’.

ಕಟ್ಟದ. ಕಟ್ಟಿದ ಅಲ್ಲ.

ನಾನು ಆ ತಾಣವನ್ನು ಹುಡುಕಿ ಪೂರ್ತಿ ಸುದ್ದಿ ತೆಗೆದೆ. ಒಳಗೆ ಮೂರನೇ ಸಾಲಿನಲ್ಲೇ ‘ಹಿಂದಿನ ಹಂಗಾಮಿಗೆ ಕಂತು ಪಾವತಿಸಿದ ರೈತರ ಖಾತೆಗೆ’ ಅಂತ ಸ್ಪಷ್ಟವಾಗಿತ್ತು. ತಲೆಬರಹದಲ್ಲಿ ಮಾತ್ರ ಟ್ಟ ಮೇಲಿನ ಗುಡಿಸು ಬಿಟ್ಟುಹೋಗಿತ್ತು. ಓದಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, ವಿಮೆಗೆ ಅಂತ ಎತ್ತಿಟ್ಟಿದ್ದ ದುಡ್ಡನ್ನು ಗೊಬ್ಬರದ ಅಂಗಡಿಗೆ ಕೊಡೋಣ ಅಂತಿದ್ದೆ ಅಂದರು. ಮಾರನೇ ದಿನ ಹೋಗಿ ಕಟ್ಟಿ ಬಂದರು. ಆ ಸ್ಕ್ರೀನ್‌ಶಾಟ್ ನೋಡಿ ಯಾವ ಟೀಚರಮ್ಮನ ಮನೆಗೂ ಹೋಗದೆ ಸುಮ್ಮನೆ ಉಳಿದವರು ಎಷ್ಟು ಜನವೋ.

ಕನ್ನಡದ ಒಂದು ಸ್ವಭಾವ ಇಲ್ಲಿ ನಮಗೆ ಎದುರಾಗುತ್ತದೆ. ನಮ್ಮ ಭಾಷೆಯಲ್ಲಿ ಹೌದು-ಇಲ್ಲ ಎರಡೂ ಕ್ರಿಯಾಪದದ ಬಾಲದಲ್ಲಿರುತ್ತವೆ. ಇಂಗ್ಲಿಷಿನವರು ಇಲ್ಲ ಅನ್ನೋದಕ್ಕೆ ಬೇರೆ ಪದವನ್ನೇ ತಂದು ನಿಲ್ಲಿಸುತ್ತಾರೆ, ಅದು ಬಿಟ್ಟುಹೋದರೆ ಜಾಗ ಖಾಲಿ ಕಾಣುತ್ತದೆ. ನಮ್ಮಲ್ಲಿ ಹಾಗಲ್ಲ. ಕಟ್ಟಿದ-ಕಟ್ಟದ, ಮಾಡಿದ-ಮಾಡದ, ನೋಂದಾಯಿಸಿದ-ನೋಂದಾಯಿಸದ, ಪಾವತಿಸಿದ-ಪಾವತಿಸದ: ಎಲ್ಲ ಜೋಡಿಯಲ್ಲೂ ಇರುವುದು ಒಂದು ಗುಡಿಸಿನ ವ್ಯತ್ಯಾಸ. ‘ತಪ್ಪು ಮಾಡದವರಿಗೆ ಶಿಕ್ಷೆ’ ಅಂತ ಬರೆದರೆ ವ್ಯಾಕರಣ ಪೂರ್ತಿ ಸರಿ, ಅರ್ಥ ಮಾತ್ರ ತಲೆಕೆಳಗು. ಕಾಗುಣಿತ ನೋಡುವ ತಂತ್ರಾಂಶ ಇದನ್ನು ಹಿಡಿಯುವುದಿಲ್ಲ, ಯಾಕಂದರೆ ಎರಡೂ ನಿಘಂಟಿನ ಪ್ರಕಾರ ಒಳ್ಳೆಯ ಪದಗಳೇ. ಹಿಡಿಯಬೇಕಾದ್ದು ಸುದ್ದಿ ಏನು ಅಂತ ಗೊತ್ತಿರುವ ಒಬ್ಬ ಮನುಷ್ಯ.

ಆ ಮನುಷ್ಯ ಹಿಂದೆ ಇದ್ದ. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ ಪ್ರೂಫ್ ನೋಡುವುದೇ ಒಂದು ಉದ್ಯೋಗ. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಚ್ಚಿನ ಮೇಲೆ ಕಣ್ಣಿಟ್ಟು ಗುರುತು ಹಾಕುತ್ತಿದ್ದರು. ಗಟ್ಟಿಯಾಗಿ ಓದಿದಾಗ ಕಟ್ಟಿದಕ್ಕೂ ಕಟ್ಟದಕ್ಕೂ ಕಿವಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ, ಕಣ್ಣು ಮಾತ್ರ ಹಾರಿಸಿಕೊಂಡು ಹೋಗುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಮಧುಗಿರಿಯ ಪ್ರೆಸ್ಸೊಂದಕ್ಕೆ ಅಕ್ಕನ ಲಗ್ನಪತ್ರಿಕೆ ತಿದ್ದಲು ಹೋಗಿದ್ದೆ. ಮೊಳೆಯ ಮೇಲೆ ಅಕ್ಷರಗಳೆಲ್ಲ ಉಲ್ಟಾ. ಆ ಪ್ರೆಸ್ಸಿನ ಅಣ್ಣ ಉಲ್ಟಾ ಅಕ್ಷರವನ್ನೇ ಪೇಪರ್ ಓದಿದ ಹಾಗೆ ಸರಸರ ಓದುತ್ತಿದ್ದರು. ಅಷ್ಟಾದರೂ ತಪ್ಪು ನುಸುಳಿದರೆ ಬೈಯೋಕೆ ಒಂದು ಚೆಂದದ ಹೆಸರೂ ಇತ್ತು, ಮುದ್ರಾರಾಕ್ಷಸ. ವಿಶಾಖದತ್ತನ ಸಂಸ್ಕೃತ ನಾಟಕದಲ್ಲಿ ರಾಕ್ಷಸ ಅನ್ನುವವನು ನಂದರ ಮಂತ್ರಿ, ಮುದ್ರೆ ಅಂದರೆ ಅವನ ಮುದ್ರೆಯುಂಗುರ. ಅಚ್ಚುಮನೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆ ಹೆಸರನ್ನು ತಂದು ಅಚ್ಚಿನ ತಪ್ಪಿಗೆ ಅಂಟಿಸಿದವರು ಯಾರೋ ಬಹಳ ರಸಿಕರು.

ಈಗ ವರದಿಗಾರನೇ ಫೋನಿನಲ್ಲಿ ಟೈಪ್ ಮಾಡಬೇಕು, ಫೋಟೊ ಹಾಕಬೇಕು, ತಲೆಬರಹ ಕೊಡಬೇಕು. ಪಕ್ಕದ ತಾಣಕ್ಕಿಂತ ಎರಡು ನಿಮಿಷ ಮೊದಲು ಏರಿಸಬೇಕು. ನಮ್ಮ ಕಡೆಯ ಹೋಬಳಿ ಮಟ್ಟದ ವರದಿಗಾರರಲ್ಲಿ ನನ್ನ ಹಳೇ ಶಿಷ್ಯರೂ ಇದ್ದಾರೆ. ದಿನಕ್ಕೆ ಎಷ್ಟು ಸುದ್ದಿ ಕಳಿಸಬೇಕು, ಅದಕ್ಕೆ ಏನು ಸಿಗುತ್ತದೆ ಅನ್ನೋದನ್ನು ಕೇಳಿದ ಮೇಲೆ ಅವರ ಕಿವಿ ಹಿಂಡಲು ನನಗೆ ಮನಸ್ಸು ಬರುವುದಿಲ್ಲ. ಎರಡನೆಯ ಕಣ್ಣಿಗೆ ಸಂಬಳ ಕೊಡೋದನ್ನು ನಿಲ್ಲಿಸಿದವರು ಅವರಲ್ಲವಲ್ಲ.

ಹಾಗಾಗಿ ಕೆಲವು ತಪ್ಪುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ವೆಬ್‌ಸೈಟ್’ ಅಂತ ಸರಿಯಾಗಿ ಬೀಳಬೇಕಾದರೆ ಬ್ ಮತ್ತು ಸೈ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಎತ್ತಿ ಹಾಕುವಾಗ ಅದು ಉದುರಿಹೋದರೆ ಸ ಕೆಳಗಿಳಿದು ಒತ್ತಾಗಿ ‘ವೆಬ್ಸೈಟ್’ ಆಗುತ್ತದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗಲೂ ಒತ್ತಕ್ಷರಗಳು ಎಲ್ಲೆಲ್ಲೋ ಕೂರುತ್ತವೆ. ಅದು ಯಂತ್ರದ ತಾಪತ್ರಯ, ಓದುಗನಿಗೆ ಅದರಿಂದ ನಷ್ಟವಿಲ್ಲ. ‘ಮೂರು ಮನೆಗಳು ಕುಸಿದಿದೆ’ ಅನ್ನೋದು ಮಾತ್ರ ನನಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಕುಸಿದಿವೆ ಅನ್ನೋಕೆ ಏನು ಕಷ್ಟ? ಆದರೂ ಮನೆ ಬಿದ್ದವರ ದುಃಖ ಅದರಿಂದ ಹೆಚ್ಚು ಕಡಿಮೆ ಆಗುವುದಿಲ್ಲ ಅಂತ ನುಂಗಿಕೊಳ್ತೀನಿ.

ಇನ್ನು ಹಕಾರ. ಟಿವಿಯಲ್ಲಿ ಯಾರಾದರೂ ಹಾಲಿಗೆ ಆಲು ಅಂದರೆ ಸಾಕು, ಆ ತುಣುಕು ಊರೆಲ್ಲ ಸುತ್ತುತ್ತದೆ, ನಗುವವರಿಗೆ ಲೆಕ್ಕವಿಲ್ಲ. ನಮ್ಮ ಊರಿನಲ್ಲಿ ಹಕಾರ ನಾಲಿಗೆ ಮೇಲೆ ನಿಲ್ಲುವುದು ಅಪರೂಪ. ಮೇಲೆ ನಮ್ಮ ರೈತರು ‘ಆಕ್ತಾರಂತೆ’ ಅಂದಿದ್ದನ್ನು ನೋಡಿದಿರಲ್ಲ, ಅದನ್ನು ನಾನು ತಿದ್ದಲಿಲ್ಲ, ತಿದ್ದುವುದೂ ಇಲ್ಲ. ಹಳಗನ್ನಡದಲ್ಲಿ ಹಾಲು ಪಾಲ್ ಆಗಿತ್ತು, ಹಂದಿ ಪಂದಿಯಾಗಿತ್ತು, ಹೂವು ಪೂ ಆಗಿತ್ತು. ಪಕಾರ ಸವೆದು ಹಕಾರವಾಯಿತು, ಹಕಾರ ಸವೆದರೆ ಆಲು. ಪಾವಗಡದ ಕಡೆ ತೆಲುಗು ಮಾತಾಡುವ ಮನೆಗೆ ಹೋದರೆ ಪಾಲು ಅಂತಲೇ ಕೊಡುತ್ತಾರೆ, ಶಾಲೆಯಲ್ಲಿ ಹಾಲು ಅಂತ ಬರೆಸುತ್ತೇವೆ, ನಮ್ಮ ಮನೆಯಲ್ಲಿ ಆಲು ಕಾಯಿಸುತ್ತೇವೆ. ಒಂದು ಸಾವಿರ ವರ್ಷದ ದಾರಿ ಮೂವತ್ತು ನಲವತ್ತು ಮೈಲಿಯೊಳಗೆ ಸಿಕ್ಕಿಬಿಡುತ್ತದೆ. ಆಡುವವರ ಆಲನ್ನು ಹಿಡಿದು ನಗುವ ಜನ ಬರೆದವರ ‘ಕಟ್ಟದ’ವನ್ನು ಕಾಣದೆ ಮುಂದಕ್ಕೆ ಕಳಿಸುತ್ತಾರಲ್ಲ, ನನ್ನ ತಕರಾರು ಅಲ್ಲಿದೆ.

ಊರ ಹೆಸರಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಗಳಗಂಟಿ. ಮಧುಗಿರಿಯನ್ನು ‘ಮದುಗಿರಿ’ ಅಂತ ಬರೆದರೆ ಪರವಾಗಿಲ್ಲ, ಅದು ಹಿಂದೆ ಮದ್ದಗಿರಿಯೇ ಆಗಿತ್ತು. ನಮ್ಮ ಪಕ್ಕದ ಐ.ಡಿ. ಹಳ್ಳಿ ಅಂದರೆ ಇಟಕದಿಬ್ಬನಹಳ್ಳಿ. ಅದನ್ನು ಗುರುತಿನ ಚೀಟಿಯ ಊರು ಅಂದುಕೊಂಡರೂ ನಕ್ಕೇವು. ಆದರೆ ದೊಡ್ಡೇರಿ ಅನ್ನೋ ಊರು ಎರಡಿವೆ, ನಮ್ಮದೊಂದು, ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನದೊಂದು. ಹದಿನೇಳನೇ ಶತಮಾನದ ಕೊನೆಯಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮೊಗಲರ ಖಾಸಿಂ ಖಾನನನ್ನು ಕೋಟೆಯೊಳಗೆ ಮುತ್ತಿಗೆ ಹಾಕಿದ್ದು ಆ ದೊಡ್ಡೇರಿಯಲ್ಲಿ. ಖಾಸಿಂ ಖಾನ್ ನಮ್ಮ ನೆರೆಯ ಶಿರಾದ ಫೌಜುದಾರನಾಗಿದ್ದವನು. ಅದಕ್ಕೇ ಗೊಂದಲ ಸುಲಭ. ಇತಿಹಾಸದಲ್ಲಿ ಗೊಂದಲವಾದರೆ ಯಾರೂ ಸಾಯುವುದಿಲ್ಲ, ಸತ್ತವರು ಆಗಲೇ ಸತ್ತಾಗಿದೆ. ಆದರೆ ತಾಲ್ಲೂಕಿನ ಹೆಸರಿಲ್ಲದೆ ‘ದೊಡ್ಡೇರಿ ಬಳಿ ಅಪಘಾತ, ಹಲವರು ಗಂಭೀರ’ ಅಂತ ಒಂದು ಸಂಜೆ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಒಂದೇ ಸಮ ಫೋನ್ ಮಾಡಿದ್ದು ನಮ್ಮೂರಿಗೆ. ಎದುರುಮನೆ ಅಜ್ಜಿಯ ಮಗ ಆಗ ತಾನೇ ಬೈಕಿನಲ್ಲಿ ಮಧುಗಿರಿಗೆ ಹೋಗಿದ್ದ, ಫೋನ್ ಎತ್ತುತ್ತಿರಲಿಲ್ಲ. ಆ ಒಂದು ಗಂಟೆ ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದು ಹೇಗೆ ಅಂತ ಆ ಸುದ್ದಿ ಹಾಕಿದವರು ನೋಡಬೇಕಿತ್ತು. ‘ಚಳ್ಳಕೆರೆ ತಾಲ್ಲೂಕು’ ಅನ್ನೋ ಎರಡು ಪದಕ್ಕೆ ಎಷ್ಟು ಜಾಗ ಬೇಕು?

ಅದೇ ಸುದ್ದಿಯಲ್ಲಿ ‘ಸುಮಾರು 10ಕ್ಕೂ ಹೆಚ್ಚು ಮಂದಿ’ ಅಂತಲೂ ಇತ್ತು. ಸುಮಾರು ಅಂದ ಮೇಲೆ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಹೆಚ್ಚು ಅಂದ ಮೇಲೆ ಸುಮಾರು ಬೇಡ. ಎರಡೂ ಸೇರಿದರೆ ಬರೆದವನಿಗೆ ಲೆಕ್ಕ ಗೊತ್ತಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಆರೋಪಿ-ಅಪರಾಧಿಗಳ ಕಲಸುಮೇಲೋಗರ. ಪೊಲೀಸರು ಹಿಡಿದವನು ಆರೋಪಿ, ಕೋರ್ಟು ತಪ್ಪಿತಸ್ಥ ಅಂದ ಮೇಲೆ ಅಪರಾಧಿ. ಬಂಧನವಾದ ದಿನವೇ ಅಪರಾಧಿ ಅಂತ ಹಾಕಿದರೆ, ಆಮೇಲೆ ಬಿಡುಗಡೆಯಾದರೂ ಆ ಹೆಸರು ಹುಡುಕಿದಾಗೆಲ್ಲ ಮೊದಲು ಬರುವುದು ಅದೇ ಸಾಲು. ಹೆಣ್ಣು ಕೇಳಲು ಬಂದವರೂ ಅದನ್ನೇ ಓದುತ್ತಾರೆ, ಕೆಲಸ ಕೊಡುವವರೂ ಅದನ್ನೇ ಓದುತ್ತಾರೆ.

ವಿಮೆ ಸುದ್ದಿಯ ಮುಂದಿನ ಕಥೆ ಕೇಳಿ. ಅವತ್ತು ರಾತ್ರಿಯೇ ಆ ತಾಣಕ್ಕೆ ಇಮೇಲ್ ಕಳಿಸಿದೆ. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ನಿಮ್ಮ ತಲೆಬರಹ ಹೀಗಿದೆ, ಒಳಗಿನ ಸುದ್ದಿ ಹೀಗಿದೆ, ಗಡುವಿಗೆ ನಾಲ್ಕೇ ದಿನ ಇರುವುದರಿಂದ ದಯವಿಟ್ಟು ತಕ್ಷಣ ನೋಡಿ ಅಂತ. ಉತ್ತರ ಬರಲಿಲ್ಲ. ಬೆಳಗ್ಗೆ ನೋಡಿದರೆ ಗುಡಿಸು ತನ್ನ ಜಾಗಕ್ಕೆ ಬಂದು ಕೂತಿತ್ತು. ತಿದ್ದಿದ್ದಾರೆ, ಸಂತೋಷ. ಆದರೆ ತಿದ್ದಿದ್ದೇವೆ ಅಂತ ಎಲ್ಲೂ ಒಂದಕ್ಷರ ಇಲ್ಲ. ತಪ್ಪು ಆಗಿಯೇ ಇರಲಿಲ್ಲ ಅನ್ನೋ ಹಾಗೆ.

ಇತ್ತ ಆ ಸ್ಕ್ರೀನ್‌ಶಾಟ್ ಇನ್ನೂ ಒಂದು ವಾರ ಗುಂಪಿನಿಂದ ಗುಂಪಿಗೆ ಓಡಾಡಿತು. ಟೀ ಅಂಗಡಿಯಲ್ಲಿ ಜಗಳವೂ ಆಯಿತು. ತಾಣ ತೆಗೆದು ನೋಡಿದವರು, ಇಲ್ಲಿ ಸರಿಯಾಗೇ ಐತಲ್ಲ, ನೀನೇ ಏನೋ ಎಡಿಟ್ ಮಾಡಿ ಬಿಟ್ಟಿದೀಯ ಅಂತ ನಮ್ಮ ಕೊನೆ ಮನೆಯವರ ಮೇಲೆ ಹಾರಿಹೋದರಂತೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದ ಮನುಷ್ಯ ಸುಳ್ಳುಗಾರನಾದ. “ಓಗ್ಲಿ ಬಿಡಿ ಟೀಚರಮ್ಮ, ನಾನಾಗಿದ್ಕೆ ಆಯ್ತು” ಅಂದರು. ನನಗೆ ಬಿಡೋಕಾಗಲಿಲ್ಲ. ನನ್ನ ಇಮೇಲಿನ ಪ್ರತಿ ತೋರಿಸಿ, ತಾರೀಕು ತೋರಿಸಿ, ಅವರು ಸುಳ್ಳು ಹೇಳಿಲ್ಲ ಅಂತ ನಾಲ್ಕು ಜನಕ್ಕೆ ಹೇಳಿ ಬಂದೆ. ಸುದ್ದಿಯ ಕೆಳಗೆ ‘ತಲೆಬರಹದಲ್ಲಿ ತಪ್ಪಾಗಿತ್ತು, ಇಂಥ ದಿನ ಸರಿಪಡಿಸಲಾಗಿದೆ’ ಅಂತ ಒಂದು ಸಾಲು ಇದ್ದಿದ್ದರೆ ನಾನು ಟೀ ಅಂಗಡಿಗೆ ಹೋಗಬೇಕಾಗಿರಲಿಲ್ಲ.

ಇಂಥ ಸಾಲು ಬರೆಯುವುದರಿಂದ ಪತ್ರಿಕೆಯ ಮಾನ ಹೋಗುತ್ತದೆ ಅನ್ನೋ ಭಯ ಇದ್ದರೆ, ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯನ್ನು ನೋಡಿ. ಅದರಲ್ಲಿ ಅಚ್ಚಿನ ತಪ್ಪು ಎಷ್ಟಿರುತ್ತಿತ್ತು ಅಂದರೆ ‘ಪ್ರೈವೇಟ್ ಐ’ ಅನ್ನೋ ವಿಡಂಬನಾ ಪತ್ರಿಕೆ ಅದರ ಹೆಸರನ್ನೇ ತಪ್ಪು ಕಾಗುಣಿತದಲ್ಲಿ ‘ಗ್ರೌನಿಯಾಡ್’ ಅಂತ ಬರೆಯಿತು. ಆ ಅಡ್ಡಹೆಸರು ಇವತ್ತಿಗೂ ಉಳಿದಿದೆ. ಅದೇ ಗಾರ್ಡಿಯನ್ 1997ರಲ್ಲಿ ಓದುಗರ ದೂರು ಕೇಳುವುದಕ್ಕೇ ಒಬ್ಬ ‘ಓದುಗರ ಸಂಪಾದಕ’ರನ್ನು ನೇಮಿಸಿ, ತನ್ನ ತಪ್ಪುಗಳಿಗೆ ತಾನೇ ದಿನವೂ ಜಾಗ ಕೊಡಲು ಶುರುಮಾಡಿತು. ನಮ್ಮ ದೇಶದಲ್ಲಿ ದಿ ಹಿಂದೂ 2006ರಲ್ಲಿ ಅಂಥ ಹುದ್ದೆ ಮಾಡಿತು. ಎರಡು ಪತ್ರಿಕೆಗಳೂ ಅದರಿಂದ ಮುಳುಗಲಿಲ್ಲ.

ಕನ್ನಡದಲ್ಲಿ ಓದುಗರ ಅನುಮಾನಕ್ಕೆ ಪತ್ರಿಕೆಯ ಜಾಗ ಸಿಕ್ಕಿದ್ದು ಅಂದರೆ ನನಗೆ ನೆನಪಾಗುವುದು ಪ್ರೊ. ಜಿ. ವೆಂಕಟಸುಬ್ಬಯ್ಯನವರು. ಪ್ರಜಾವಾಣಿಯಲ್ಲಿ 1991ರಲ್ಲಿ ಶುರುವಾದ ಅವರ ‘ಇಗೋ ಕನ್ನಡ’ ಅಂಕಣಕ್ಕೆ ಮೂಲೆಮೂಲೆಯಿಂದ ಪ್ರಶ್ನೆಗಳು ಹೋಗುತ್ತಿದ್ದವು. ಈ ಪದ ಸರಿಯೋ ಆ ಪದ ಸರಿಯೋ, ಇದರ ಮೂಲ ಏನು ಅಂತ. 1913ರಲ್ಲಿ ಹುಟ್ಟಿ 2021ರವರೆಗೆ, 107 ವರ್ಷ ಬಾಳಿದ ಆ ಹಿರಿಯರ ಶಾಲಾ ದಿನಗಳಲ್ಲಿ ಒಂದಷ್ಟು ಕಳೆದದ್ದು ನಮ್ಮ ಮಧುಗಿರಿಯಲ್ಲಿ. ಈ ಹೆಮ್ಮೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಬೇರೆ ಭಾಷೆಗಳಿಂದ ಬಂದ ಪದಗಳನ್ನು ಆಚೆಗೆ ತಳ್ಳದೆ, ಅವಕ್ಕಾಗಿಯೇ ‘ಎರವಲು ಪದಕೋಶ’ ಮಾಡಿಕೊಟ್ಟವರು ಅವರು. ಬಸ್ಸು, ಕಾರು ಅಂದರೆ ಕನ್ನಡ ಕೆಡುತ್ತದೆ ಅಂತ ಕೂಗಾಡುವವರಿಗೆ ನಾನು ಅವರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇನೆ.

ಹೋದ ತಿಂಗಳ ಅಂಕಣ ಓದಿದ ಕೆಲವರು, ನೀವು ದಿನಾ ತಪ್ಪು ಹುಡುಕುತ್ತೀರಲ್ಲ, ನಾವೂ ಹುಡುಕಿ ಕಳಿಸಬಹುದೇ ಅಂತ ಕೇಳಿದ್ದೀರಿ. ಖಂಡಿತ ಕಳಿಸಿ. ಶ್ರದ್ಧಾಂಜಲಿಯಲ್ಲಿ ಧ ಇಲ್ಲ, ವಿದ್ಯಾರ್ಥಿಗೆ ಧ ಬಂದಿದೆ ಅನ್ನೋದು ನನ್ನ ಹತ್ತಿರವೇ ಒಂದು ಮೂಟೆ ಇದೆ, ಅವು ಬೇಡ. ಅರ್ಥ ತಿರುಗಿದ್ದು ಬೇಕು. ಕಡೆಯ ದಿನಾಂಕ ತಪ್ಪಿದ್ದು, ಬೆಲೆಯಲ್ಲಿ ಸೊನ್ನೆ ಹೆಚ್ಚಾದದ್ದು, ಔಷಧಿಯ ಅಳತೆ ಬದಲಾದದ್ದು, ಇದ್ದವರನ್ನು ಸತ್ತರು ಅಂದದ್ದು, ಊರು ಅದಲುಬದಲಾದದ್ದು. ಮೊದಲು ಆ ಪತ್ರಿಕೆಗೇ ಬರೆಯಿರಿ. ಅವರು ಬರೆದ ಸಾಲು, ಇರಬೇಕಾದ ಸಾಲು, ಅದರಿಂದ ಯಾರಿಗೆ ತೊಂದರೆ, ಈ ಮೂರೇ ಸಾಕು. ನನಗೆ ಕಳಿಸುವಾಗ ಸ್ಕ್ರೀನ್‌ಶಾಟಿನಲ್ಲಿ ತಾರೀಕು, ಸಮಯ ಎರಡೂ ಕಾಣುವ ಹಾಗಿರಲಿ. ಅವರು ತಿದ್ದಿದ ಮೇಲೆ ಇನ್ನೊಂದು ತೆಗೆದು ಅದನ್ನೂ ಜೊತೆಗಿಡಿ.